ಕೆರೆ ಕಟ್ಟಿಸಿದ ರಾಜ ಮಹಾನ್ ಆದದ್ದು

ಈ ರಾಜನೂ ನಾನೂ ಒಂದೇ ತಟ್ಟೆಯಲ್ಲಿ ಉಂಡವರು. ಸುಳ್ಳು ಬಿಡಿ, ಅವನು ಸತ್ತು ಒಂಬೈನೂರು ವರ್ಷವಾಯಿತು. ಅವನ ಕಡತ ನೋಡಿಕೊಳ್ಳುವ ಗುಮಾಸ್ತನ ಮುಖಪರಿಚಯ ಇದೆ, ಅಷ್ಟೇ.

ಪ್ರಾಚೀನ ರಾಜರ ಕಚೇರಿಗೆ ಸುತ್ತೋಲೆ ಬಂದಿತ್ತು: 'ತಿಂಗಳೊಳಗೆ ತಮ್ಮ ರಾಜನನ್ನು ಮಹಾನ್ ಎಂದು ದೃಢಪಡಿಸದ ಕಚೇರಿಯನ್ನು ಮುಚ್ಚಿ, ಸಿಬ್ಬಂದಿಯನ್ನು ಉಪ್ಪಿನ ಗೋದಾಮಿಗೆ ವರ್ಗಾಯಿಸತಕ್ಕದ್ದು.' ಗೋದಾಮು ಮೂರು ದಿನದ ದಾರಿ. "ಉಪ್ಪು ತಿನ್ನೋಕೆ ನೀವೊಬ್ಬರೇ ಹೋಗಿ, ನಾನಂತೂ ಬರಲ್ಲ" ಎಂದಳು ಗುಮಾಸ್ತನ ಹೆಂಡತಿ.

ಗುಮಾಸ್ತ ಬೆವರುತ್ತಾ ನಮೂನೆ ತುಂಬಿದ. ಗೆದ್ದ ಯುದ್ಧ: ಇಲ್ಲ. ಸುಟ್ಟ ಊರು: ಇಲ್ಲ. ಕಣ್ಣು ಕೀಳಿಸಿದ ಬಂಧುಗಳು: ಇಲ್ಲ. ಇತರೆ: ಒಂದು ಕೆರೆ. ಪಕ್ಕದೂರಿಗೂ ಅದರದೇ ನೀರು.

ನಮೂನೆ ಪರಿಶೀಲಿಸಲು ಬಂದ ತನಿಖಾಧಿಕಾರಿ ಕನ್ನಡಕ ಒರೆಸಿಕೊಂಡರು. "ಅಲ್ರೀ, ಇವನನ್ನ ಒಬ್ಬರಾದರೂ ಬೈತಾರಾ?"

"ಹೆಸರೇ ಗೊತ್ತಿಲ್ಲ ಸಾರ್ ಯಾರಿಗೂ. ನೀರು ಕುಡೀತಾರೆ, ಹೋಗ್ತಾರೆ."

"ಮತ್ತೆ ನೆನಪಿಟ್ಟುಕೊಳ್ಳೋದು ಹೇಗ್ರೀ? ನಿಯಮ ಏಳು ಓದಿ. ಪಕ್ಕದೂರಿನವರ ಶಾಪ, ಸಹಿ ಸಮೇತ, ಕನಿಷ್ಠ ನೂರು."

ಮರುದಿನವೇ ಗುಮಾಸ್ತ ಕೆರೆಯ ತೂಬು ಮುಚ್ಚಿಸಿ ಪ್ರಕಟಣೆ ಅಂಟಿಸಿದ: 'ರಾಜಾಜ್ಞೆಯ ಮೇರೆಗೆ ಪಕ್ಕದೂರಿಗೆ ನೀರು ಬಂದ್. ರಾಜರು ದಿವಂಗತರಾದ ಕಾರಣ ಅವರ ಪರವಾಗಿ ಸಹಿ ಮಾಡಲಾಗಿದೆ.'

ಮೂರನೇ ದಿನ ಕಚೇರಿಗೆ ಮೊದಲು ನುಗ್ಗಿದವಳು ಪಕ್ಕದೂರಿಗೆ ಮದುವೆಯಾಗಿ ಹೋಗಿದ್ದ ಅವನ ಸ್ವಂತ ಅಕ್ಕ. ಕಂಕುಳಲ್ಲಿ ಖಾಲಿ ಕೊಡ.

"ಆ ನಿನ್ನ ರಾಜನ ಬಾಯಿಗೆ ಮಣ್ಣು ಬೀಳ!"

"ಬಿದ್ದು ಒಂಬೈನೂರು ವರ್ಷ ಆಯ್ತಕ್ಕಾ. ಇಲ್ಲಿ ಸಹಿ ಹಾಕು."

"ಮನೇಲಿ ಅನ್ನಕ್ಕಿಡೋಕೆ ತೊಟ್ಟು ನೀರಿಲ್ವೋ ತಮ್ಮಾ!"

"ಅದನ್ನ ಷರಾದಲ್ಲಿ ಬರಿ. ಅರ್ಜಿಗೆ ತೂಕ ಬರುತ್ತೆ."

ಅವಳ ಹಿಂದೆ ಸಾಲು ಬೀದಿಯ ತುದಿ ಮುಟ್ಟಿತ್ತು. ಸಂಜೆಯೊಳಗೆ ನಾನೂರು ಶಾಪ ಜಮೆಯಾಗಿ, ರಾಜ ಮಹಾನ್ ಎಂದು ದೃಢಪಟ್ಟ. ಗುಮಾಸ್ತನ ವರ್ಗಾವಣೆ ರದ್ದಾಯಿತು.

"ಇನ್ನಾದರೂ ತೂಬು ತೆಗೆಸೋ" ಎಂದಳು ಅಕ್ಕ.

ಗುಮಾಸ್ತ ನಿಯಮಾವಳಿ ತಿರುವಿ ಹಾಕಿದ. "ರಾಜಾಜ್ಞೆಯನ್ನ ರಾಜರೇ ಖುದ್ದಾಗಿ ಹಿಂದೆ ತಗೋಬೇಕಂತೆ."

"ಯಾವಾಗ ಬರ್ತಾರೆ?"

"ಅರ್ಜಿ ಕೊಟ್ಟು ಹೋಗು."

ಕೊಟ್ಟು ಹೋದಳು. ಈಗ ಪಕ್ಕದೂರಿನ ಕೂಸುಕುನ್ನಿಗೂ ರಾಜನ ಹೆಸರು ಬಾಯಿಪಾಠ. ಯಾರಾದರೂ ಹಗುರವಾಗಿ ಮಾತಾಡಿದರೆ ಅಕ್ಕನೇ ಗದರುತ್ತಾಳೆ: "ಇಡೀ ಊರಿನ ನೀರು ನಿಲ್ಲಿಸಿದವನು ಅಂದ್ರೆ ಸುಮ್ನೇನಾ? ಬೇರೆ ಊರಿಗಿದ್ದಾನಾ ಇಂಥ ರಾಜ?"

ಅಂದಹಾಗೆ ನಾನೂ ಪಕ್ಕದೂರಿನವನೇ. ನಮ್ಮಲ್ಲಿ ನೀರಿಲ್ಲ, ಚಹಾ ಕುಡಿಯಲು ಇಷ್ಟು ದೂರ ಬರಬೇಕು. ಈ ಲೋಟದ ದುಡ್ಡು ನೀವೇ ಕೊಟ್ಟುಬಿಡಿ, ರಾಜರು ಬಂದ ತಕ್ಷಣ ತೀರಿಸುತ್ತೇನೆ.