ಹನ್ನೊಂದು ಕೆಂಪು ಬಾಣಗಳು

"ದಿನಕ್ಕೆ ಆರುನೂರು ಅಂಗಿ ನೋಡಿ, ಅದರಲ್ಲಿ ನೂರನ್ನ ಫೇಲ್ ಮಾಡೋ ಕೈ ಕಣೇ ಇದು! ನನ್ನ ಕಾರನ್ನ ಫೇಲ್ ಮಾಡೋ ಗಂಡು ಇನ್ನೂ ಹುಟ್ಟಿಲ್ಲ!"

ಗುರುವಾರ ಸಂಜೆ ಅವನು ಹೀಗೆ ಘೋಷಿಸಿ ಚಹಾದ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿದ. ಹೆಂಡತಿ ಮೊದಲು ಲೋಟ ನೋಡಿದಳು, ಆಮೇಲೆ ಗಂಡನ ಮುಖ.

ಅವನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿ ಪರೀಕ್ಷಿಸುವವನು. ಕಾರಿಗೆ ಹದಿನಾಲ್ಕು ವರ್ಷ. ಮೂರು ಮನೆ ಬೆಳಗಿ, ಎರಡು ತಿಂಗಳ ಹಿಂದೆ ನಾಲ್ಕನೆಯದಾಗಿ ಇವನ ಮನೆ ತುಂಬಿತ್ತು. ಮರುದಿನ ಅದು ರಸ್ತೆಗಿಳಿಯಲು ಯೋಗ್ಯವೇ ಎಂಬ ತಪಾಸಣೆ. ಪಾಸಾದರೆ ಭಾನುವಾರ ಸಮುದ್ರ! ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಇಬ್ಬರಿಗೂ ಒಟ್ಟಿಗೆ ರಜೆ ಸಿಗುವ ಭಾನುವಾರವೆಂದರೆ ಗ್ರಹಣವಿದ್ದಂತೆ, ಯಾವಾಗಲೋ ಒಮ್ಮೆ. ಅವಳು ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. "ನಮ್ಮದೇ ಕಾರಲ್ಲಿ ತೋರಿಸ್ತೀನಿ" ಎಂದು ಮದುವೆಯಾದ ವಾರವೇ ಇವನು ಮಾತು ಕೊಟ್ಟಿದ್ದ.

"ಮೆಕ್ಯಾನಿಕ್ಕಿಗೆ ಒಂದ್ಸಲ ತೋರಿಸ್ರೀ."

"ಯಾಕೆ? ತಪ್ಪು ಹುಡುಕೋದ್ರಲ್ಲಿ ನಾನು ಎತ್ತಿದ ಕೈ."

"ಅದೇನೋ ನಿಜ. ನಿಮ್ಮದೊಂದನ್ನ ಬಿಟ್ಟು."

ಅವನು ಕಾರ್ಖಾನೆಯ ಕೆಂಪು ಬಾಣದ ಸ್ಟಿಕ್ಕರ್ ಸುರುಳಿ ಹಿಡಿದು ಗಂಭೀರವಾಗಿ ಅಂಗಳಕ್ಕಿಳಿದ. ಕಾರ್ಖಾನೆಯಲ್ಲಿ ಅಂಗಿಯ ಹೊಲಿಗೆ ಬಿಟ್ಟಿದ್ದರೆ, ಗುಂಡಿ ಸಡಿಲವಾಗಿದ್ದರೆ ಆ ಜಾಗಕ್ಕೊಂದು ಬಾಣ ಅಂಟಿಸಿ ಪಕ್ಕಕ್ಕೆ ತಳ್ಳುವುದಷ್ಟೇ ಇವನ ಕೆಲಸ. ಪಕ್ಕದ ಟೇಬಲ್ಲಿನ ಹೆಂಗಸರು ಅದನ್ನು ಸರಿಮಾಡುತ್ತಾರೆ. ಆರು ವರ್ಷದಿಂದ ಇದೇ ರೂಢಿ.

ನುಣ್ಣಗೆ ಬೋಳಾದ ಟೈರಿಗೊಂದು ಬಾಣ. ಉರಿಯದ ಬ್ರೇಕ್ ದೀಪಕ್ಕೊಂದು. ರಬ್ಬರು ಹರಿದ ವೈಪರಿಗೆ, ಬಿಕ್ಕಳಿಸುವ ಹಾರ್ನಿಗೆ, ಎಳೆದರೆ ಹಿಂದಕ್ಕೇ ಹೋಗದ ಸೀಟ್ ಬೆಲ್ಟಿಗೆ ಒಂದೊಂದು. ಹೀಗೆ ಹತ್ತಾದವು. ಹನ್ನೊಂದನೆಯದನ್ನು ಮುಂಗಾಜಿನ ಮೂಲೆಯ ಸೀಳಿಗೆ ಅಂಟಿಸಲು ಒಳಗೆ ಕೂತನಷ್ಟೇ, ಸೀಟು ಹಾಯೆನಿಸಿತು. ಗಾಜಿನ ಧೂಳಿನ ಮೇಲೆ ಇಳಿಬಿಸಿಲು ಬಿದ್ದು ಹೊನ್ನಿನ ಮರಳಾಯಿತು. ಎದುರಿನ ಮನೆಯ ನೀಲಿ ಗೋಡೆ ಮೆಲ್ಲಗೆ ಅಲೆಯಾಡಿತು. ಗಾಜಿನ ಮೇಲಿನ ಕೆಂಪು ಬಾಣ, ದೂರದಲ್ಲಿ ತೇಲುವ ಪುಟ್ಟ ಹಾಯಿದೋಣಿ! ಪಕ್ಕದ ಸೀಟಿನಲ್ಲಿ ಹೆಂಡತಿ, ಅವಳ ಕೂದಲಲ್ಲಿ ಉಪ್ಪುಗಾಳಿ...

"ರೀ, ಊಟಕ್ಕೆ ಬರ್ತೀರೋ, ಅಲ್ಲೇ ಹಾಸಿಗೆ ಹಾಸ್ಲೋ?"

ಅವನು ಎದ್ದು ಬಂದ. ಬಾಣ ಅಂಟಿಸಿಯಾಗಿತ್ತಲ್ಲ, ಕೆಲಸ ಮುಗಿಯಿತೆಂಬ ನೆಮ್ಮದಿ! ಆರು ವರ್ಷದ ರೂಢಿ ಅವನನ್ನು ಗೊರಕೆ ಹೊಡೆಸಿ ಮಲಗಿಸಿತು.

ಶುಕ್ರವಾರ ಬೆಳಿಗ್ಗೆ ಸಮುದ್ರದ ಗುಂಗಿನಲ್ಲೇ, ಹಾಯಿದೋಣಿಯ ಹಿಂದೆಹಿಂದೆಯೇ, ತಪಾಸಣಾ ಕೇಂದ್ರದವರೆಗೆ ಕಾರು ಓಡಿಸಿದ. ದಾರಿಯಲ್ಲಿ ಜನ ತನ್ನ ಕಾರನ್ನೇ ನೋಡಿ ನಗುವುದು ಕಂಡು, ಒಳ್ಳೆಯವರು ಎಂದುಕೊಂಡು ಕೈಯನ್ನೂ ಬೀಸಿದ.

ಕನ್ನಡಕದ ಹಿರಿಯ ಇನ್ಸ್‌ಪೆಕ್ಟರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಿಂತರು.

"ಇದನ್ನೆಲ್ಲಾ ಅಂಟಿಸಿದ್ದು ಯಾರಪ್ಪಾ?"

ಅವನು ಆಗ ನೋಡಿದ. ಹನ್ನೊಂದು ಬಾಣಗಳು ಹನ್ನೊಂದು ಬೆರಳುಗಳಂತೆ ಹನ್ನೊಂದು ದೋಷಗಳನ್ನು ತೋರಿಸುತ್ತಿದ್ದವು. ಸಮುದ್ರವೆಲ್ಲ ಒಂದೇ ಗುಟುಕಿಗೆ ಬತ್ತಿಹೋಯಿತು.

"ನಾನೇ... ಸಾರ್."

"ಯಾಕೆ, ನನಗೆ ಕಣ್ಣು ಕಾಣಲ್ಲ ಅಂತ ಯಾರಾದ್ರೂ ಹೇಳಿದ್ರಾ?"

"ಅಯ್ಯೋ, ಇಲ್ಲ ಸಾರ್!"

"ಇಪ್ಪತ್ತಾರು ವರ್ಷದ ಸರ್ವೀಸಲ್ಲಿ ತಾನೇ ಒಪ್ಪಿಕೊಂಡು ಬಂದ ಗಾಡಿ ಇದೊಂದೇ ನೋಡಪ್ಪಾ!" ಎಂದು ಅವರು ಬಾಣಗಳ ಜಾಡು ಹಿಡಿದು ಹೊರಟರು. ಬಾಣ ತೋರಿಸಿತು, ಅವರು ಬರೆದರು. ಅರ್ಧ ಗಂಟೆಯ ಕೆಲಸ ನಾಲ್ಕು ನಿಮಿಷಕ್ಕೆ ಮುಗಿಯಿತು. ಕೊನೆಗೆ ಮುಂಗಾಜಿನ ಎದುರು ನಿಂತು, ಪೆನ್ನಿನ ತುದಿಯಿಂದ ಹಾಯಿದೋಣಿಯನ್ನು ತಟ್ಟಿದರು.

"ಚಾಲಕನ ಕಣ್ಣಿಗೆ ಅಡ್ಡವಾಗೋ ಸ್ಟಿಕ್ಕರ್. ಹನ್ನೆರಡು."

ಮನೆಗೆ ಬಂದು ಫೇಲಾದ ಚೀಟಿ ಚಾಚಿದ. ಹೆಂಡತಿ ಓದಿದಳು. "ಹನ್ನೊಂದು ನೀವು ಹುಡುಕಿದ್ದು, ಹನ್ನೆರಡನೇದು ನೀವೇ ಮಾಡಿದ್ದು" ಎಂದಳಷ್ಟೇ. ಬೈದಿದ್ದರೆ ಚೆನ್ನಾಗಿತ್ತು! ಶನಿವಾರವಿಡೀ ಮಳೆ ಸುರಿಯಿತು. ಅವನ ಮನಸ್ಸೂ ಸೋರಿತು.

ಭಾನುವಾರ ಬೆಳಿಗ್ಗೆ ಅವನು ನಿಂತ ಕಾರಿನಲ್ಲಿ ಸ್ಟೀರಿಂಗಿಗೆ ಗಲ್ಲವೂರಿ ಕೂತಿದ್ದ. ನೀಲಿ ಗೋಡೆ ಮತ್ತೆ ಅಲೆಯಾಡತೊಡಗಿತ್ತು. ಪಕ್ಕದಲ್ಲಿ ಜುಳುಕ್ ಎಂದು ನೀರಿನ ಸದ್ದು! "ಬಂದ್ವಿ ನೋಡು, ಸಮುದ್ರ" ಎಂದ ಅರೆಗಣ್ಣಿನಲ್ಲಿ.

"ಸಮುದ್ರ ಅಲ್ರೀ, ಬಾಗಿಲು ಸೋರಿದೆ. ಹದಿಮೂರು." ಹೆಂಡತಿ ಕಾರೊಳಗೆ ನಿಂತ ಮಳೆನೀರಲ್ಲಿ ಕಣಕಾಲು ಮುಳುಗಿಸಿಕೊಂಡು ಕೂತಿದ್ದಳು. ಮಡಿಲಲ್ಲಿ ಬುತ್ತಿಯ ಚೀಲ, ಕೈಯಲ್ಲಿ ಎರಡು ಬಸ್ ಟಿಕೆಟ್ಟು. "ಏಳಿ, ಬಸ್ಸು ಎಂಟಕ್ಕೆ."

ಅವನು ಟಿಕೆಟ್ಟು ತಿರುಗಿಸಿ ನೋಡಿದ. ಬುಕ್ ಮಾಡಿದ್ದು ಗುರುವಾರ ಸಂಜೆ!

"ಅಂದ್ರೆ... ನಾನು ಬಾಣ ಅಂಟಿಸ್ತಾ ಇದ್ದಾಗಲೇ? ನನ್ನ ಮೇಲೆ ನಂಬಿಕೆನೇ ಇರ್ಲಿಲ್ವಾ?"

"ಪೂರ್ತಿ ಇತ್ತು, ಅದಕ್ಕೇ ಬುಕ್ ಮಾಡಿದ್ದು" ಎಂದು ಅವಳು ಒದ್ದೆ ಚಪ್ಪಲಿ ಒದರಿ ಇಳಿದಳು. "ನೀವು ಬಾಣ ಅಂಟಿಸಿದ್ದನ್ನ ಕಾರ್ಖಾನೆಲಿ ಪಕ್ಕದ ಟೇಬಲ್ಲಿನೋರು ಸರಿಮಾಡ್ತಾರಲ್ಲ? ಮನೇಲಿ ಆ ಟೇಬಲ್ಲು ನಾನೇ ಅಲ್ವೇನ್ರೀ!"