ಗಿರಿರಾಜನಿಗೆ ಹತ್ತಕ್ಕೆ ಹತ್ತು, ಕೋದಂಡಪ್ಪನ ಜೀಪಿಗೆ ಒಂದು

ಬಂಗಾರಪೇಟೆ,
ಬುಧವಾರ, ಏಪ್ರಿಲ್ ೧೯೯೪

ಮೋಟಾರು ಮಾಸಪತ್ರಿಕೆಯ ವಾಹನ ಪರೀಕ್ಷಕ ಮಹೋದಯರ ಸನ್ನಿಧಾನಕ್ಕೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಇದು ಬರಿಯ ಅಲಂಕಾರವಲ್ಲ. ಹದಿನೈದು ವರ್ಷ ಜೀಪಿನಲ್ಲಿ ಓಡಾಡಿದವನ ಎಂಟೂ ಅಂಗಗಳು ಬಿಡಿಬಿಡಿಯಾಗಿಯೇ ನಮಸ್ಕರಿಸಬಲ್ಲವು.

ಮೊದಲಿಗೆ ಒಂದು ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ಭಾನುವಾರ ಪೆರುಮಾಳ್ ಅವರ ಕಟಿಂಗ್ ಷಾಪಿನಲ್ಲಿ, ಮುಖದ ತುಂಬ ಸೋಪಿನ ನೊರೆ ಇರುವಾಗಲೇ, ತಮ್ಮ ಪತ್ರಿಕೆಯ ಇಪ್ಪತ್ತೇಳನೇ ಪುಟವನ್ನು ಹರಿದು ಜೇಬಿಗಿಳಿಸಿದವನು ನಾನೇ. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನ ಚಾರಿತ್ರ್ಯಕ್ಕೆ ಇದು ಒಪ್ಪುವಂಥದ್ದಲ್ಲ. ದುರದೃಷ್ಟವೆಂದರೆ ಎದುರು ಪುಟದ ಅಂಕಪಟ್ಟಿ ಅಲ್ಲೇ ಉಳಿಯಿತು. ಪೆರುಮಾಳ್ ಅದನ್ನು ಕೋದಂಡಪ್ಪನಿಗೆ ಓದಿ ಹೇಳಿಬಿಟ್ಟರು.

ಕೋದಂಡಪ್ಪ ಎಂದರೆ ಕಾಮಸಮುದ್ರದಾಚೆ, ಬಸ್ಸು ಬಾರದ ನಮ್ಮ ಹಳ್ಳಿಗಳಿಂದ ಬಂಗಾರಪೇಟೆಗೆ ಜೀಪು ಓಡಿಸುವವನು. ದಿನಾ ಬೆಳಿಗ್ಗೆ ಹದಿನೆಂಟು ಜನ, ಆರು ಹಾಲಿನ ಕ್ಯಾನು, ಒಮ್ಮೊಮ್ಮೆ ಒಂದು ಮೇಕೆ. ತಾವು ಉಪಯುಕ್ತತೆ, ಸುಖ, ಗಟ್ಟಿತನ ಎಂದು ಮೂರು ವಿಷಯಗಳಲ್ಲಿ ಮೂರು ಗಾಡಿಗಳಿಗೆ ಪರೀಕ್ಷೆ ನಡೆಸಿ, ಗಿರಿರಾಜ ಎಂಬ ಹೊಸ ಗಾಡಿಗೆ ಮೊದಲ ಸ್ಥಾನ, ಮಯೂರಕ್ಕೆ ಎರಡು, ನಮ್ಮ ಜೀಪಿನ ಜಾತಿಗೆ ಮೂರನೆಯದನ್ನು ದಯಪಾಲಿಸಿದ್ದೀರಿ. ಸುಖದಲ್ಲಂತೂ ಗಿರಿರಾಜನಿಗೆ ಹತ್ತು, ಜೀಪಿಗೆ ಒಂದು. ಅಂದಿನಿಂದ ಕೋದಂಡಪ್ಪ ಮಗ ಫೇಲಾದ ತಂದೆಯಂತೆ ತಲೆ ತಗ್ಗಿಸಿ ಓಡಾಡುತ್ತಿದ್ದಾನೆ. ಶುಕ್ರವಾರ ಜೀಪನ್ನು ಗುಜರಿಗೆ ಕೊಟ್ಟು ಗಿರಿರಾಜನನ್ನು ತರುತ್ತಾನಂತೆ.

ನಮ್ಮ ಕಡೆ ಗಿರಿರಾಜ ಎಂದರೆ ಕೋಳಿ. ಅದಾದರೂ ಸಾರಿಗೆ ಆಗುತ್ತದೆ. ತಮ್ಮ ಗಿರಿರಾಜ ನಮ್ಮ ಸಾರಿಗೆಗೆ ಆಗುವುದಿಲ್ಲ. ಏಳೇ ಸೀಟು, ಅದೂ ಬಿಳೀ ಬಟ್ಟೆ ಹೊದ್ದವು. ಎರಡು ಎಮ್ಮೆಯ ಹಾಲಿನಲ್ಲೇ ಸಂಸಾರ ನಡೆಸುವ ನಮ್ಮ ಪೆದ್ದಮ್ಮ ಪೇಟೆಯಲ್ಲಿ ಅಂಥ ಗಾಡಿಯೊಳಗೆ ಇಣುಕಿ, "ಏನ್ಲಾ ಕೋದಂಡ, ಇದಕ್ಯಾಕ್ಲಾ ಇಷ್ಟೊಂದು ಬಟ್ಟೆ ಒದಿಸವ್ರೆ? ಆಲು ಚೆಲ್ಲಿದ್ರೆ ನಿಮ್ಮಪ್ಪ ಬಂದು ಒಗೀತಾನಾ?" ಎಂದು ಕೇಳಿದ್ದಳು. ತಮ್ಮ ಇಡೀ ಲೇಖನದಲ್ಲಿ ಈ ತೂಕದ ಪ್ರಶ್ನೆ ಒಂದೂ ಇಲ್ಲ. ಶನಿವಾರದಿಂದ ಅವಳ ಕ್ಯಾನು ಹೊಸಿಲು ದಾಟುವುದಿಲ್ಲ, ಡೈರಿಯವರು ಒಡೆದ ಹಾಲನ್ನು ತಮ್ಮ ಅಂಕಪಟ್ಟಿ ನೋಡಿ ತೆಗೆದುಕೊಳ್ಳುವುದೂ ಇಲ್ಲ.

ಗಟ್ಟಿತನದ ಪರೀಕ್ಷೆಯನ್ನು ‘ಮರುಭೂಮಿಯಲ್ಲಿ’ ನಡೆಸಿದೆವೆಂದು ಬರೆದಿದ್ದೀರಿ. ಭೂಗೋಳವನ್ನು ಹೀಗೆ ಗುಳುಂ ಮಾಡಿದ ತಮ್ಮ ಪ್ರತಿಭೆಗೆ ಶರಣು. ಆ ಮರುಭೂಮಿ ನಮ್ಮ ಕೆ.ಜಿ.ಎಫ್.ನ ಸಯನೈಡ್ ದಿಬ್ಬ. ಚಿನ್ನ ತೆಗೆದುಕೊಂಡು ಗಣಿಯವರು ಉಗುಳಿದ ಮಣ್ಣು. ಅಲ್ಲಿ ತಮ್ಮ ಗಿರಿರಾಜ ಅಚ್ಚಿನವರೆಗೆ ಹೂತುಹೋದದ್ದನ್ನು, ತಮ್ಮ ಪರೀಕ್ಷೆಯ ದಿನ ಸಂತೆಗೆ ಹೊರಟಿದ್ದ ಕೋದಂಡಪ್ಪ ತನ್ನ ಜೀಪಿಗೆ ಹಗ್ಗ ಕಟ್ಟಿ ಎಳೆದದ್ದನ್ನು, ಪೆದ್ದಮ್ಮ ಸೆರಗು ಸಿಕ್ಕಿಸಿ ಹಿಂದಿನಿಂದ ತಳ್ಳಿದ್ದನ್ನು ಅತಿ ಸಮೀಪದಿಂದ ಬಲ್ಲವನು ನಾನು. ಎಳೆಸಿಕೊಂಡವನಿಗೆ ಗಟ್ಟಿತನದಲ್ಲಿ ಒಂಬತ್ತು, ಎಳೆದವನಿಗೆ ಆರು! ಕೊಟ್ಟದ್ದು ಅಂಕವೋ ಕಳಂಕವೋ?

ಇದನ್ನೇ ಕೋದಂಡಪ್ಪನಿಗೆ ಹೇಳಿದೆ. "ಎಳೆದಿದ್ದು ನಾನೇಯ ಮೇಷ್ಟ್ರೇ. ಆದ್ರೂ ಅಚ್ಚಾಗಿರೋದು ಸುಳ್ಳಾಗ್ತದಾ? ಜನಕ್ಕೆ ಸುಖ ಬೇಕಂತೆ. ಅದ್ರಾಗೆ ಸುಖ ಇಲ್ಲ ಅಂತೀರಲ್ಲ, ನೀವೇನ್ ಕೂತ್ ನೋಡಿದ್ದೀರಾ?" ಎಂದ. ಇಂಥ ಪ್ರಶ್ನೆಗಳಿಗೆ ವಿದ್ಯಾವಂತರು ಉತ್ತರಿಸುವುದಿಲ್ಲ. ನಾನು ರಾಗಿಮುದ್ದೆಯ ಮೈಯವನು, ಮೆತ್ತನೆಯ ಸೀಟು ಕಂಡರೆ ಮುಖ ತಿರುಗಿಸುವವನು. ಹದಿನೈದು ವರ್ಷವೂ ಹೆಂಗಸರಿಗೆ ಸೀಟು ಬಿಟ್ಟು ಜೀಪಿನ ಹಿಂದೆ ನೇತಾಡಿದವನು. ಅದರೊಳಗೆ ಇರುವುದು ಒಂದೇ ಆಸನವಲ್ಲ, ಯೋಗದ ಎಂಬತ್ತನಾಲ್ಕೂ ಆಸನಗಳು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಶುಕ್ರವಾರದೊಳಗೆ ಗಿರಿರಾಜನಲ್ಲಿ ಹದಿನೆಂಟು ಜನ, ಆರು ಕ್ಯಾನು, ಒಂದು ಮೇಕೆಯನ್ನು ತುಂಬಿ, ಮೇಕೆಯ ಅಭಿಪ್ರಾಯವನ್ನೂ ಪಡೆದು, ಮರುಮೌಲ್ಯಮಾಪನ ಮಾಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಕ್ಕೆ ಅಷ್ಟೇನೂ ಅರ್ಹನಲ್ಲದ ವಿಶ್ವಾಸಿ,
ಕದಿರಪ್ಪ, ಎಂ.ಎ.

ತಾ.ಕ.: ಮಾಸಪತ್ರಿಕೆಯು ಶುಕ್ರವಾರದೊಳಗೆ ತಿದ್ದಿಕೊಳ್ಳದೆಂಬುದನ್ನು ಬಲ್ಲೆ. ಅದಕ್ಕೇ ಈ ಪತ್ರದ ಪ್ರತಿಯನ್ನು, ಹರಿದ ಪುಟದ ಸಮೇತ, ಇಂದು ಪೆರುಮಾಳ್ ಅವರ ಕನ್ನಡಿಯ ಪಕ್ಕದಲ್ಲಿ ಅಂಟಿಸಿದ್ದೇನೆ. ‘ಮರುಭೂಮಿಯಲ್ಲೂ ಮಗುವಿನ ನಿದ್ದೆ’ ಎಂಬ ಒಕ್ಕಣೆಯ ಮೇಲಿನ ಫೋಟೋದಲ್ಲಿ, ಗಿರಿರಾಜನ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಬಿದ್ದಿರುವ ಆ ಮಗು ನಾನು. ದಾರಿ ತೋರಿಸಲು ಹತ್ತಿಸಿಕೊಂಡಿರಿ. ತಣ್ಣನೆಯ ಗಾಳಿಗೆ ಕಣ್ಣು ಮುಚ್ಚಿತು. ತಾವು ಹತ್ತಕ್ಕೆ ಹತ್ತು ಬರೆದುಕೊಂಡಿರಿ. ಹಿಂದಿನ ರಾತ್ರಿಯಿಡೀ ಉತ್ತರಪತ್ರಿಕೆ ತಿದ್ದಿದವನು ಚಪ್ಪಡಿ ಕಲ್ಲಿನ ಮೇಲೂ ಹಾಗೇ ಮಲಗುತ್ತಿದ್ದನೆಂದು ತಾವು ವಿಚಾರಿಸಲಿಲ್ಲ. ಎಚ್ಚರವಾದಾಗ ಗಾಡಿ ಹೂತಿತ್ತು, ಹೊರಗೆ ಕೋದಂಡಪ್ಪನ ದನಿ. ಕಪ್ಪು ಗಾಜಿನ ಹಿಂದೆ, ಸೀಟಿನ ಸಂದಿಯಲ್ಲಿ ಮುದುಡಿಕೊಂಡೆ. "ಬಲೇ ಭಾರ ಕಣ್ಲಾ, ಒಳಗೆ ಯಾವನೋ ಕಳ್ಳ ಮನಗವ್ನೆ" ಎಂದು ಪೆದ್ದಮ್ಮ ತಳ್ಳುತ್ತಲೇ ಇದ್ದಳು. ಕೋದಂಡಪ್ಪನ ಪ್ರಶ್ನೆಗೆ ಈಗ ಉತ್ತರಿಸುತ್ತೇನೆ: ಇಲ್ಲಪ್ಪ, ಕೂತು ನೋಡಿಲ್ಲ. ಮಲಗಿ ನೋಡಿದ್ದೇನೆ.