ನೀರು ಕೇಳದ ಉಕ್ಕು

ಸುಳ್ಳು ಹೇಳಿದರೆ ಬಾಯಿ ತೆರೆದು ಕೇಳೋ ಮಂದಿ, ಖರೇ ಹೇಳಿದರೆ ಮೈಮ್ಯಾಲೆ ಬರ್ತಾರ. ಹಾನಗಲ್ಲಿನ ನಮ್ಮ ಕುಲುಮಿಯೊಳಗ ಇದು ದಿನಾ ನಡಿಯೋದ.

೧. ಮಜ್ಜಿಗಿ

ಸವಣೂರಿನ ಎಲೆತೋಟದವರೊಬ್ಬರು ಕುಡಗೋಲಿಗೆ ಹದಾ ಹಾಕಿಸಾಕ ಬಂದಿದ್ರು. "ನೀರಿಗಿಂತ ಮಜ್ಜಿಗ್ಯಾಗ ಅದ್ದಿದ್ರ ಚಲೋರಿ" ಅಂದೆ. ಹೋಗಿ ಒಂದು ತಂಬಿಗಿ ತಂದ್ರು. ಕುಡಗೋಲು ನೀರಿಗೆ ಹಾಕಿದೆ, ಮಜ್ಜಿಗಿ ನಾನು ಕುಡಿದೆ. ಅವತ್ತಿನಿಂದ ನಾನು ಸುಳ್ಳುಗಾರ. ಉಪ್ಪಿಲ್ಲದ ಮಜ್ಜಿಗಿ ತಂದವರಿಗೆ ಯಾರೂ ಒಂದು ಮಾತು ಅನ್ನಲಿಲ್ಲ!

೨. ಚುಂಯ್

ಕೆಂಪಗೆ ಕಾದ ಕಬ್ಬಿಣ ಇಟ್ಟು ಬಡಿದು, ಹೊಲ ಹರಗೋ ಕುಂಟಿಯ ಕುಡ ಮಾಡೋ ಅಚ್ಚು ನಮ್ಮಲ್ಲಿ ಒಂದೈತಿ. ಹಳೇದು ಆ ಕಾವಿಗೇ ಮೆತ್ತಗಾಗಿ ಕುಸಿದಿತ್ತು. ಮಾಲಕ ಮಾಮಾ ನನ್ನ ಕರಕೊಂಡು ಹೋಗಿ ಹುಬ್ಬಳ್ಳಿಯಿಂದ ಕಾವು ತಡಿಯೋ ಉಕ್ಕು ತಂದ. ಅಂಗಡಿಯವ ಹದದ ರೀತಿ ಹೇಳುವಾಗ ಮಾಮಾ ಹೊರಗ ಫೋನಿನಾಗಿದ್ದ. ಕೇಳಿಸಿಕೊಂಡವ ನಾನು. ಆ ಉಕ್ಕಿನಾಗ ಹೊಸ ಅಚ್ಚು ತಯಾರಾತು, ಹದಾ ಹಾಕೋದೊಂದು ಉಳಿದಿತ್ತು.

"ನೀನ ಕಾಸು. ಒಡದ್ರ ನಾಳಿಂದ ಭಟ್ಟಿ ಕಡೆ ಮುಖಾ ಹಾಕಬ್ಯಾಡ" ಅಂದ ಮಾಮಾ.

ನಿಧಾನಕ್ಕ ಕಾಸಿ, ಪೂರಾ ಕಾದ ಮ್ಯಾಲೆ ತೆಗೆದು ಗಾಳಿಗೆ ಇಟ್ಟೆ.

"ನೀರಿಗೆ ಹಾಕಲೇ ಮಂಗ್ಯಾ!"

"ಬ್ಯಾಡ ಮಾಮಾ, ಇದು ಗಾಳಿಗೇ ಗಟ್ಟಿ ಆಗೋ ಉಕ್ಕು. ನೀರು ಬಿದ್ರ ಬಿರಿತೈತಿ."

ಕುಂತ ಗಿರಾಕಿಗಳೆಲ್ಲಾ ನಕ್ಕರು. "ಮಜ್ಜಿಗಿ ತರಸಬೇಕೇನಪಾ?"

ಕಾದ ಕಬ್ಬಿಣ ಅದ್ದೋ ನೀರಿನ ದೋಣಿ ಗೋಡೆಯ ಆಚೆ ಐತಿ. ಅಚ್ಚನ್ನು ಇಕ್ಕಳದಾಗ ಹಿಡಿದು ಹೋದೆ, ಜೊತಿಗೆ ಕೆಂಪಗೆ ಕಾದ ಹಳೇ ಬೋಲ್ಟು ಒಂದು ಸಲಿಕಿಯಾಗ. ಅಚ್ಚನ್ನು ಒಣ ಕಲ್ಲಿನ ಮ್ಯಾಲಿಟ್ಟೆ, ಬೋಲ್ಟನ್ನು ದೋಣಿಗೆ ಒಗೆದೆ. ಚುಂಯ್!

ಒಳಗಿನಿಂದ ಮಾಮಾ, "ಆಹಾ, ಈಗ ಹದಾ ಕುಂತಿತು ನೋಡ್ರಿ!" ಅಂದ.

೩. ಖಡಕ್ ರೊಟ್ಟಿ

ಕೈ ಮುಟ್ಟುವಷ್ಟು ಆರಿದ ಮ್ಯಾಲೆ ಅಚ್ಚನ್ನು ಮತ್ತ ಭಟ್ಟಿಗೆ ಇಟ್ಟೆ, ಈ ಸಲ ಕಡಿಮಿ ಕಾವು. ಅಕ್ಕಿಆಲೂರಿನ ಅಜ್ಜಿಯೊಬ್ಬಾಕಿ ಕಳೆ ತೆಗಿಯೋ ಕುರ್ಚಿಗಿಗೆ ಮೊನೆ ಹಚ್ಚಿಸಾಕ ಕುಂತಿದ್ಲು. "ಕಾಸಿದ್ದನ್ನ ಮತ್ತ ಯಾಕ ಕಾಸ್ತೀಯೋ ತಮ್ಮಾ?"

"ಆಯಿ, ಈಗ ಇದು ಖಡಕ್ ರೊಟ್ಟಿ ಇದ್ದಂಗ. ಗಟ್ಟಿ ಐತಿ, ಆದ್ರ ಸುತ್ತಿಗಿ ಬಿದ್ರ ಚೂರು ಚೂರು. ಇನ್ನೊಮ್ಮಿ ಕಾಸಿ ಚೂರು ಮೆತ್ತಗ ಮಾಡಬೇಕು."

ಅಜ್ಜಿ ನನ್ನನ್ನು ಮ್ಯಾಲಿಂದ ಕೆಳಗ ನೋಡಿದ್ಲು. "ಅದಕ್ಯಾಕಪಾ ಇಷ್ಟು ಇದ್ದಲಿ? ಸಾರಿನ್ಯಾಗ ಅದ್ದು!"

೪. ನಾಜೂಕು ಕೆಲಸ

ಮರುದಿನ ಅಚ್ಚಿನ ಪರೀಕ್ಷೆ. ಕಾದ ಕಬ್ಬಿಣ ಅಚ್ಚಿಗಿಟ್ಟು ಸುತ್ತಿಗಿ ಎತ್ತಿದೆ. ಒಂದಾದ ಮ್ಯಾಲೊಂದು ಕುಡ ತಯಾರಾತು. ಅಚ್ಚು ಒಡಿಲಿಲ್ಲ, ಕುಸಿಲಿಲ್ಲ, ಅಂಚು ಸೈತ ಮಸುಕಾಗಲಿಲ್ಲ. ಗಿರಾಕಿಗಳು ಮಾಮಾನ ಬೆನ್ನು ತಟ್ಟಿದರು, ನನ್ನ ಕಡೆ ಒಬ್ಬನೂ ತಿರುಗಲಿಲ್ಲ! ತಡಿಲಾರದ ಬಾಯಿ ಬಿಟ್ಟೆ: "ಮಾಮಾ, ನೀರಿಗೆ ಬಿದ್ದಿದ್ದು ಬೋಲ್ಟು. ಅಚ್ಚಿಗೆ ಒಂದು ಹನಿ ನೀರೂ ತಾಕಿಲ್ಲ."

ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು. ಮಾಮಾ ಕಣ್ಣೊರೆಸಿಕೊಂಡು ನನ್ನ ಹೆಗಲ ಮ್ಯಾಲೆ ಕೈ ಇಟ್ಟ.

"ಸುಳ್ಳು ಹೇಳಿದ್ರೂ ಕೈ ಚಲೋ ಐತಿ. ಇವತ್ತಿಂದ ಭಟ್ಟಿ ನಿಂದ. ಆದ್ರ ನೀರಿಗೆ ಮಾತ್ರ ನಾನ ಹಾಕ್ತೇನಿ. ಅದು ನಾಜೂಕು ಕೆಲಸ."